ಹತ್ತಿಯೊಳಗಿನ ಸೂಜಿ

ರಾತ್ರಿ ಎಂಟೂವರೆ. ತಿಪಟೂರಿನ ಬಿ.ಎಚ್. ರಸ್ತೆ, ಮೊದಲ ಮಹಡಿಯ ಹಲ್ಲಿನ ಕ್ಲಿನಿಕ್ಕು. ಕೊನೆಯ ಪೇಶೆಂಟು ಕುರ್ಚಿಯಿಂದ ಇಳಿದು ಗಲ್ಲ ಹಿಡಿದುಕೊಂಡು ಹೊರಟಿದ್ದಾನೆ. ತುಟಿಯ ಒಂದು ಬದಿ ಇನ್ನೂ ಮರಗಟ್ಟಿ ಜೋತಿದೆ, ಬಾಯಲ್ಲಿ ಹತ್ತಿ ಕಚ್ಚಿದ್ದಾನೆ, ‘ಬರ್ತೀನಿ ಮೇಡಂ’ ಅಂದದ್ದು ಬರೀ ಗೊರಗೊರ ಸದ್ದು. ಮೇಡಂ ಫೋನು ಕಿವಿಗಿಟ್ಟುಕೊಂಡು ಹೊರಕೋಣೆಗೆ ಹೋದರು. ಒಳಗೆ ಉಳಿದದ್ದು ನೀವು, ಮತ್ತು ಟ್ರೇ.

ಬೆಳಿಗ್ಗೆ ಹತ್ತರಿಂದ ನಿಂತ ಕಾಲು ಸೋಲುತ್ತಿವೆ. ಲವಂಗದೆಣ್ಣೆಯ ಕಟುವಾಸನೆ, ಅದರಡಿಯಲ್ಲಿ ಹೈಪೋಕ್ಲೋರೈಟಿನ ಘಾಟು, ಎರಡಕ್ಕೂ ಕೆಳಗೆ ಬಿಸಿ ರಕ್ತದ ಕಬ್ಬಿಣದಂಥ ವಾಸನೆ. ಕೆಳಗೆ ಅರಸೀಕೆರೆ ಕಡೆಯ ಬಸ್ಸು ಹಾರ್ನ್ ಹೊಡೆಯುತ್ತದೆ. ನಿಮ್ಮ ಊರಿನ ಕೊನೆಯ ಬಸ್ಸಿಗೆ ಇನ್ನು ಅರ್ಧ ಗಂಟೆ ಇದೆ. ಗ್ಲವ್ಸ್‌ನ ಒಳಗೆ ಬೆರಳುಗಳು ಬೆವರಿನಲ್ಲಿ ನೆಂದು ಸುಕ್ಕಾಗಿವೆ.

ಮೊದಲು ಹಲ್ಲು. ಕಿತ್ತ ದವಡೆಹಲ್ಲು ಟ್ರೇಯ ಮೂಲೆಯಲ್ಲಿ ಬಿದ್ದಿದೆ, ಬೇರಿಗೆ ಮಾಂಸದ ಒಂದು ಎಳೆ ಅಂಟಿದೆ. ಮನುಷ್ಯನ ದೇಹದ ತುಂಡು, ಹಾಗಾಗಿ ಹಳದಿ ಚೀಲ. ಕೈ ಆ ಕಡೆ ಹೊರಟೂ ಬಿಟ್ಟಿತು. ದೀಪದ ಬೆಳಕಿನಲ್ಲಿ ಹಲ್ಲಿನ ನೆತ್ತಿ ಮಂಕಾಗಿ ಮಿನುಗಿದ್ದು ಕಂಡು ಕೈ ನಿಲ್ಲುತ್ತದೆ. ಬೆಳ್ಳಿ ತುಂಬಿಸಿದ ಹಲ್ಲು. ಬೆಳ್ಳಿ ಎಂದು ಎಲ್ಲರೂ ಅನ್ನುತ್ತಾರೆ. ತೂಕದಲ್ಲಿ ಸುಮಾರು ಅರ್ಧದಷ್ಟು ಪಾದರಸ. ಹಳದಿ ಚೀಲ ಹೋಗುವುದು ದಹನಕುಲುಮೆಗೆ, ಅಲ್ಲಿ ಎರಡನೇ ಕೋಣೆಯ ಬಿಸಿ 1050 ಡಿಗ್ರಿಯ ಆಸುಪಾಸು. ಪಾದರಸ 357 ಡಿಗ್ರಿಗೇ ಕುದಿಯುತ್ತದೆ. ಅದು ಸುಟ್ಟು ಬೂದಿಯಾಗುವ ವಸ್ತುವಲ್ಲ. ಆವಿಯಾಗಿ ಚಿಮಣಿ ಹತ್ತಿ, ಯಾವುದೋ ಊರಿನ ಕೆರೆಗೆ ಇಳಿಯುತ್ತದೆ. ಇಂಥ ಹಲ್ಲಿಗೆಂದೇ ಸಿಂಕಿನ ಕೆಳಗೆ ಬಿಗಿಮುಚ್ಚಳದ ಪ್ಲಾಸ್ಟಿಕ್ ಡಬ್ಬಿ ಇದೆ. ಬಗ್ಗಿ ಮುಚ್ಚಳ ತಿರುಗಿಸಿ ಹಲ್ಲನ್ನು ಒಳಗೆ ಬಿಡುತ್ತೀರಿ. ಮುಚ್ಚಳ ಮತ್ತೆ ಬಿಗಿ. ಕಣ್ಣಿಗೆ ಕಾಣದ ಆವಿಗೆ ಹೆದರುವುದನ್ನು ನಿಮಗೆ ಯಾರೂ ಶಾಲೆಯಲ್ಲಿ ಕಲಿಸಲಿಲ್ಲ.

ಉಳಿದದ್ದು ಸಲೀಸು. ಜೊಲ್ಲು ಎಳೆಯುವ ಪ್ಲಾಸ್ಟಿಕ್ ಕೊಳವೆ ಕೆಂಪು ಚೀಲಕ್ಕೆ. ಕನ್ನಡಿ, ಇಕ್ಕಳ ತೊಳೆದು ಆಟೋಕ್ಲೇವಿಗೆ. ರಕ್ತ ಕುಡಿದ ಹತ್ತಿ ಹಳದಿಗೆ. ಅದನ್ನು 48 ಗಂಟೆಗಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ, ನಾಳೆ ಬೆಳಿಗ್ಗೆ ವಾಹನ ಬರುತ್ತದೆ, ಬಾರ್‌ಕೋಡ್ ಚೀಟಿ ಆಗಲೇ ಅಂಟಿಸಿಟ್ಟಿದ್ದೀರಿ. ಹತ್ತಿಯ ಉಂಡೆಗಳನ್ನು ಒಂದೇ ಹಿಡಿಗೆ ಬಾಚಿಕೊಳ್ಳುತ್ತೀರಿ. ಇಕ್ಕಳದಲ್ಲಿ ಎತ್ತಬೇಕೆಂದು ಗೊತ್ತು. ಆದರೆ ಬಸ್ಸು.

ಚುರ್.

ನೋವಲ್ಲ ಅದು, ಇರುವೆ ಕಚ್ಚಿದಷ್ಟೇ. ಒಂದು ಕ್ಷಣ ಏನಾಯಿತೆಂದೇ ತಿಳಿಯುವುದಿಲ್ಲ. ಹಿಡಿ ಬಿಚ್ಚುತ್ತೀರಿ. ಹತ್ತಿಯ ಜೊತೆ ಸಿರಿಂಜೂ ಮೇಲೆ ಬಂದಿದೆ, ಸೂಜಿಗೆ ಟೋಪಿಯಿಲ್ಲ. ತೋರುಬೆರಳ ತುದಿಯಲ್ಲಿ, ಗ್ಲವ್ಸ್‌ನ ಬಿಳಿಯ ಅಡಿಯಲ್ಲಿ, ಸಾಸಿವೆಯಷ್ಟು ಕೆಂಪು. ನೋಡನೋಡುತ್ತಲೇ ಅದು ಹರಡುತ್ತದೆ.

ಹೊಟ್ಟೆ ತಣ್ಣಗಾಗುತ್ತದೆ. ಕಿವಿಯಲ್ಲಿ ರಕ್ತದ ಸದ್ದು. ಗ್ಲವ್ಸ್ ಕಿತ್ತೆಸೆಯುತ್ತೀರಿ. ಬೆರಳು ತಾನಾಗಿ ಬಾಯಿಯ ಕಡೆ ಏಳುತ್ತದೆ, ಚಿಕ್ಕಂದಿನಿಂದ ಅಂಟಿದ ಅಭ್ಯಾಸ. ಬೇಡ! ಚೀಪಬಾರದು. ಹಿಂಡಲೂಬಾರದು. ಸ್ಪಿರಿಟ್ಟೂ ಬೇಡ. ನಲ್ಲಿ ತಿರುಗಿಸಿ. ಸೋಪು. ನೀರು. ಮತ್ತೆ ಸೋಪು. ಹರಿಯುವ ನೀರಿನಡಿ ಬೆರಳು ಹಿಡಿದು ನಿಲ್ಲಿ. ನೀರು ತಿಳಿಗೆಂಪಾಗಿ ಹರಿದು ಬೆಳ್ಳಗಾಗುತ್ತದೆ.

ಹೇಳಬೇಕೆ?

ನಿಮ್ಮ ರಾತ್ರಿಯಲ್ಲಿ ಇದರಷ್ಟು ಭಾರದ ಪ್ರಶ್ನೆ ಬೇರೊಂದಿಲ್ಲ. ಹೇಳದಿದ್ದರೆ ಪ್ಲಾಸ್ಟರ್ ಸುತ್ತಿ ಬಸ್ಸು ಹತ್ತಬಹುದು. ಹೇಳಿದರೆ ‘ನೋಡ್ಕೊಂಡು ಮಾಡ್ಬಾರ್ದಾ’ ಅನ್ನಿಸಿಕೊಳ್ಳಬೇಕು, ಮನೆಯಲ್ಲಿ ಎಚ್‌ಐವಿ ಅನ್ನುವ ಪದ ಉಚ್ಚರಿಸಬೇಕು. ಲೆಕ್ಕವೇನೋ ಧೈರ್ಯ ಕೊಡುವಂಥದ್ದೇ: ಸೋಂಕಿರುವವರ ರಕ್ತದ ಸೂಜಿ ಚುಚ್ಚಿದರೂ ಎಚ್‌ಐವಿ ಅಂಟುವುದು ಸುಮಾರು 300ರಲ್ಲಿ ಒಬ್ಬರಿಗೆ. ಹೆಪಟೈಟಿಸ್ ಬಿ ಅಷ್ಟು ದಯೆ ತೋರುವುದಿಲ್ಲ. ಲಸಿಕೆ ಇಲ್ಲದವರಿಗೆ ಅದು ನೂರರಲ್ಲಿ 6ರಿಂದ 30 ಸಲ ಅಂಟಬಲ್ಲದು. ಮೂರು ಡೋಸಿನಲ್ಲಿ ನೀವು ಹಾಕಿಸಿಕೊಂಡದ್ದು ಎರಡು. ಮೂರನೆಯದರ ಹೊತ್ತಿಗೆ ಊರಲ್ಲಿ ಜಾತ್ರೆ.

ಇನ್ನೊಂದು ಯೋಚನೆ ಬೆನ್ನ ಹಿಂದಿನಿಂದ ಬಂದು ಹಿಡಿಯುತ್ತದೆ. ಇಕ್ಕಳದಲ್ಲಿ ಹತ್ತಿಯನ್ನು ಒಟ್ಟಾಗಿ ಎತ್ತಿ ಹಳದಿ ಚೀಲಕ್ಕೆ ಹಾಕಿಬಿಟ್ಟಿದ್ದರೆ ಸೂಜಿಯೂ ಅದರೊಳಗೆ ಕೂತು ಕಾಯುತ್ತಿತ್ತು. ಒಣಗಿದ ರಕ್ತದಲ್ಲೂ ಹೆಪಟೈಟಿಸ್ ಬಿ ವೈರಸ್ಸು ಕನಿಷ್ಠ 7 ದಿನ ಜೀವಂತ ಇರಬಲ್ಲದು. ನಾಳೆ ಬೆಳಿಗ್ಗೆ ಚೀಲವನ್ನು ತೊಡೆಗೆ ಒರಗಿಸಿಕೊಂಡು ಮೆಟ್ಟಿಲಿಳಿಯುವ ಆ ವಾಹನದ ಹುಡುಗನಿಗೆ ಯಾರ ರಕ್ತ, ಯಾವ ಪೇಶೆಂಟು, ಏನೂ ತಿಳಿಯುತ್ತಿರಲಿಲ್ಲ. ನಿಮಗೆ ಕನಿಷ್ಠ ಪೇಶೆಂಟಿನ ಫೋನ್ ನಂಬರಿದೆ.

‘ಮೇಡಂ, ಸೂಜಿ ಚುಚ್ಚಿತು.’

ಮೇಡಂ ಫೋನು ಇಡುತ್ತಾರೆ. ಬೈಯುವುದಿಲ್ಲ. ಟ್ರೇ ನೋಡುತ್ತಾರೆ, ಸಿರಿಂಜು ನೋಡುತ್ತಾರೆ, ಮುಖ ಬಿಳಿಚುತ್ತದೆ. ಸೂಜಿ ಬಳಸಿದವರೇ ಅದನ್ನು ಕಟರ್‌ಗೆ ಕೊಡಬೇಕು: ಸೂಜಿ ಬಿಳಿ ಡಬ್ಬಿಯೊಳಕ್ಕೆ, ಪ್ಲಾಸ್ಟಿಕ್ ಕೆಂಪಿಗೆ. ಫೋನ್ ಬಂದಾಗ ಅವರ ಕೈಯಲ್ಲಿ ಸಿರಿಂಜಿತ್ತು. ಟ್ರೇ ಮೇಲಿಟ್ಟರು. ಅದರ ಮೇಲೆ ಹತ್ತಿ ಬಿತ್ತು. ಅಷ್ಟೇ.

‘ಎಷ್ಟು ಹೊತ್ತಾಯ್ತಮ್ಮಾ?’

‘ಐದು ನಿಮಿಷ.’

‘ನಡಿ, ಸರ್ಕಾರಿ ಆಸ್ಪತ್ರೆಗೆ.’

ಸ್ಕೂಟಿಯ ಹಿಂದೆ ಕೂತಾಗ ಗಾಳಿಗೆ ಬೆರಳು ಚುರುಗುಟ್ಟುತ್ತದೆ. ಎಚ್‌ಐವಿ ತಡೆಯುವ ಔಷಧಿಯ ಮೊದಲ ಡೋಸ್ ಎರಡು ಗಂಟೆಯೊಳಗೆ ಬಿದ್ದರೆ ಒಳ್ಳೆಯದು, 72 ಗಂಟೆ ದಾಟಿದರೆ ಕೊಟ್ಟೂ ಪ್ರಯೋಜನವಿಲ್ಲ. ತುರ್ತು ವಿಭಾಗದ ಟ್ಯೂಬ್‌ಲೈಟು ಮಿಣುಕುತ್ತಿದೆ. ಮೇಡಂ ಅಲ್ಲೇ ನಿಂತು ಪೇಶೆಂಟಿಗೆ ಫೋನ್ ಮಾಡುತ್ತಾರೆ. ‘ಯಜಮಾನ್ರೇ, ನಿಮ್ಗೇನೂ ಆಗಿಲ್ಲ, ಗಾಬರಿ ಬೇಡಿ. ನಿಮಗೆ ಬಳಸಿದ ಸೂಜಿ ನಮ್ಮ ಹುಡುಗಿಗೆ ಚುಚ್ಚಿದೆ. ಒಂದು ರಕ್ತ ಪರೀಕ್ಷೆಗೆ ನೀವು ಒಪ್ಪಿದ್ರೆ ಆ ಮಗುಗೆ ಉಪಕಾರ ಆಗುತ್ತೆ.’ ಒಪ್ಪದೆಯೂ ಇರಬಹುದು. ಅವನ ಒಪ್ಪಿಗೆಯಿಲ್ಲದೆ ಎಚ್‌ಐವಿ ಪರೀಕ್ಷೆ ಮಾಡುವಂತಿಲ್ಲ, 2017ರ ಕಾನೂನು ಹಾಗೆ ಹೇಳುತ್ತದೆ. ಆ ಕಡೆ ಮೌನ. ಉಸಿರು. ನಿಮ್ಮ ಉಗುರು ನಿಮ್ಮದೇ ಅಂಗೈಗೆ ಇಳಿಯುತ್ತಿದೆ. ಆಮೇಲೆ ಮರಗಟ್ಟಿದ ನಾಲಗೆಯ ತೊದಲು ಮಾತು: ‘ಬತ್ತೀನಿ ತಡೀರಿ.’

ಅವನ ವರದಿಗೆ ಕಾಯುವುದಿಲ್ಲ. ಮೊದಲ ಮಾತ್ರೆ ಈಗಲೇ. ದೊಡ್ಡ ಮಾತ್ರೆ, ಗಂಟಲಲ್ಲಿ ಅಡ್ಡ ನಿಂತು ಇಳಿಯುತ್ತದೆ. ವರದಿ ನೆಗೆಟಿವ್ ಬಂದರೆ ನಿಲ್ಲಿಸಬಹುದು, ಇಲ್ಲವಾದರೆ 28 ದಿನ. ಎಡ ತೋಳಿಗೆ ಹೆಪಟೈಟಿಸ್ ಬಿ ಲಸಿಕೆಯ ಆ ಬಾಕಿ ಡೋಸು. ನರ್ಸಮ್ಮ ಚುಚ್ಚಿ, ಮಾತಾಡುತ್ತಲೇ ಸೂಜಿಯನ್ನು ಕಟರ್‌ಗೆ ಕೊಟ್ಟು ಕಟ್ ಅನ್ನಿಸುತ್ತಾರೆ. ಈ ಸದ್ದನ್ನು ಇಷ್ಟು ಗಮನ ಕೊಟ್ಟು ನೀವು ಎಂದೂ ಕೇಳಿರಲಿಲ್ಲ.

ಮಾರನೆಯ ಬೆಳಿಗ್ಗೆ ಪೇಶೆಂಟಿನ ವರದಿ ನೆಗೆಟಿವ್. ಆದರೂ ಬುಕ್ಕಿನಲ್ಲಿ ಬರೆಯಲೇಬೇಕು. ವರ್ಷದ ಅಪಘಾತಗಳ ಲೆಕ್ಕ ಜೂನ್ 30ರೊಳಗೆ ಮಾಲಿನ್ಯ ನಿಯಂತ್ರಣ ಮಂಡಳಿಗೆ ಹೋಗುವ ವಾರ್ಷಿಕ ವರದಿಯಲ್ಲಿ ಸೇರುತ್ತದೆ. ದಿನಾಂಕ, ಸಮಯ, ಯಾವ ತ್ಯಾಜ್ಯ, ಏನು ಚಿಕಿತ್ಸೆ, ಮೇಡಂ ಸರಸರ ತುಂಬುತ್ತಾರೆ. ಮತ್ತೆ ಆಗದಂತೆ ಏನು ಕ್ರಮ ಎನ್ನುವ ಸಾಲಿಗೆ ಬಂದು ‘ಸಿಬ್ಬಂದಿಗೆ ಮತ್ತೊಮ್ಮೆ ತರಬೇತಿ’ ಎಂದು ಬರೆದರು. ನೀವು ಹಿಂದೆ ನಿಂತು ಓದುತ್ತೀರಿ. ಏನೂ ಅನ್ನುವುದಿಲ್ಲ. ಮೇಡಂ ತಿರುಗಿ ನಿಮ್ಮ ಮುಖ ನೋಡಿ, ಅದನ್ನು ಹೊಡೆದುಹಾಕುತ್ತಾರೆ.

‘ಕಟರ್ ಅಷ್ಟು ದೂರ, ಸಿಂಕ್ ಹತ್ರ ಯಾಕಿದೆ?’

‘ಮೊದಲಿಂದ್ಲೂ ಅಲ್ಲೇ ಮೇಡಂ. ಕುರ್ಚಿ ಪಕ್ಕಕ್ಕೆ ಬರ್ಲಿ, ನೀವು ಕೂತಲ್ಲಿಂದ್ಲೇ ಕೈಗೆ ಸಿಗೋ ಹಾಗೆ.’

‘ಪೇಶೆಂಟ್ ಮೊಣಕೈ ತಗುಲುತ್ತೆ.’

‘ನಿಮ್ಮ ಹಿಂದೆ, ಬಲಗಡೆ ಸ್ಟ್ಯಾಂಡ್ ಹಾಕ್ಸೋಣ. ಗೋಡೆಗೆ ಎರಡು ಮೊಳೆ ಸಾಕು.’

ಮೇಡಂ ಹಾಗೇ ಬರೆದು, ಮೊಳೆ ಹೊಡೆಯುವವನಿಗೆ ಫೋನ್ ಮಾಡುತ್ತಾರೆ.