ಬೆಳಕನ್ನು ಹಿಂದಿಟ್ಟ ಕುದುರೆ

ಕಳೆದ ಬೇಸಿಗೆಯ ರಜೆಯಲ್ಲಿ ನಮ್ಮ ಮಗಳ ಮಗಳು ತುಮಕೂರಿನ ಮನೆಗೆ ಬಂದಿದ್ದಳು. ಒಂಬತ್ತನೆಯ ತರಗತಿಯ ಹುಡುಗಿ. ಒಂದು ಮಧ್ಯಾಹ್ನ ಊಟವಾಗಿ ನಾವು ಪಡಸಾಲೆಯಲ್ಲಿ ಒರಗಿದ್ದಾಗ ನೋಟುಪುಸ್ತಕವೊಂದನ್ನು ಮುಂದಿಟ್ಟು, “ತಾತ, ಒಂದು ಕಥೆ ಬರೆದಿದ್ದೇನೆ, ಓದಿ ಹೇಳಿ” ಎಂದಳು. ಮೂವತ್ತು ವರ್ಷಕ್ಕೂ ಮಿಗಿಲಾಗಿ ಪ್ರೌಢಶಾಲೆಯಲ್ಲಿ ವಿಜ್ಞಾನ ಬೋಧಿಸಿದವರ ಕೈಗೆ ಕಥೆಯನ್ನು ಕೊಡುವುದರ ಅಪಾಯ ಆ ಮಗುವಿಗೆ ತಿಳಿದಿರಲಿಲ್ಲ.

ಕಥೆ ಹೀಗಿತ್ತು. ಕುಣಿಗಲ್ ಕೆರೆಯಲ್ಲಿ ಒಂದು ರಾತ್ರಿ ಆಕಾಶನೌಕೆ ಇಳಿಯುತ್ತದೆ. ಅದರಲ್ಲಿ ಬಂದವರು ಒಗಟುಗಳಲ್ಲಿ ಮಾತ್ರ ಮಾತನಾಡುವವರು. ಅಲ್ಲಿನ ಸ್ಟಡ್ ಫಾರಂನಿಂದ ತಪ್ಪಿಸಿಕೊಂಡ ಕುದುರೆಮರಿಯೊಂದು ಆ ಕೆರೆಯ ನೀರು ಕುಡಿದು ಬೆಳಕಿಗಿಂತ ವೇಗವಾಗಿ ಓಡುವ ಶಕ್ತಿ ಪಡೆಯುತ್ತದೆ. ಒಬ್ಬ ಹುಡುಗಿ ಅದನ್ನೇರಿ ಬೇರೊಂದು ನಕ್ಷತ್ರದ ಲೋಕಕ್ಕೆ ಹೋಗುತ್ತಾಳೆ. ಅಲ್ಲಿಯೂ ಒಂದು ಗುಬ್ಬಿ, ಅಲ್ಲಿಯೂ ಚನ್ನಬಸವೇಶ್ವರನ ಜಾತ್ರೆ. ತೀರಿಹೋದ ಅವಳ ಅಜ್ಜಿ ಆ ಜಾತ್ರೆಯಲ್ಲಿ ಪುರಿ, ಬತ್ತಾಸು ಕೊಳ್ಳುತ್ತ ನಿಂತಿರುತ್ತಾರೆ.

ನಾವು ಕೆಂಪು ಪೆನ್ನು ತೆಗೆದೆವು. ಬೆಳಕಿನ ವೇಗ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್, ಯಾವ ವಸ್ತುವೂ ಅದನ್ನು ಮೀರಲಾರದು ಎಂದು ಅಂಚಿನಲ್ಲಿ ಬರೆದೆವು. ನೀರು ಕುಡಿದರೆ ವೇಗ ಬರುವುದು ಹೇಗೆ ಎಂದು ಪ್ರಶ್ನೆಚಿಹ್ನೆ ಹಾಕಿದೆವು. ಸತ್ತವರು ಕಾಣಿಸಿಕೊಳ್ಳುವುದು ದೆವ್ವದ ಕಥೆಯಲ್ಲಿ, ವಿಜ್ಞಾನದ ಕಥೆಯಲ್ಲಿ ಅಲ್ಲ ಎಂದು ಕೊನೆಯ ಎರಡು ಪುಟಗಳಿಗೆ ಅಡ್ಡಗೆರೆ ಎಳೆದೆವು. ಅವಳು ಏನೂ ಹೇಳದೆ ಪುಸ್ತಕ ತೆಗೆದುಕೊಂಡು ಹೋದಳು. ಮರುದಿನದಿಂದ ಅವಳು ಬರೆಯುತ್ತಿದ್ದುದನ್ನು ನಾವು ಕಾಣಲಿಲ್ಲ.

ಆ ವಾರ ಅವಳನ್ನು ಕರೆದುಕೊಂಡು ಎಡೆಯೂರಿಗೆ ಹೊರಟೆವು. ಬಸ್ಸು ಕುಣಿಗಲ್ ರಸ್ತೆಯಲ್ಲಿ ಗೂಳೂರು ದಾಟುವಾಗ, ಈ ಊರಿಗೆ ಗಣಪತಿಯಿಂದ ಮಾತ್ರ ಹೆಸರು ಬಂದದ್ದಲ್ಲ, ಶೂನ್ಯಸಂಪಾದನೆಯನ್ನು ರಚಿಸಿದ ಸಿದ್ಧವೀರಣಾರ್ಯರ ಹೆಸರಿನೊಡನೆಯೂ ಇದು ಸೇರಿಕೊಂಡಿದೆ ಎಂದು ಹೇಳಿದೆವು. ಹೇಳುತ್ತ ಹೇಳುತ್ತ ಗೋರಕ್ಷನ ಪ್ರಸಂಗ ಬಂತು. ಗೋರಕ್ಷನ ಮೈಗೆ ಕತ್ತಿ ಬೀಸಿದರೆ ಖಣಿಲೆಂದು ಸದ್ದಾಯಿತು. ಅದೇ ಕತ್ತಿ ಅಲ್ಲಮಪ್ರಭುವಿನ ಮೈಯಲ್ಲಿ ಬಯಲಿನಲ್ಲಿ ಬೀಸಿದಂತೆ ಹಾದುಹೋಯಿತು. ಮಗು ಕಿಟಕಿಯ ಕಡೆ ಮುಖ ಮಾಡಿಕೊಂಡೇ, “ಅದಕ್ಕೆ ಯಾವ ನಿಯಮ, ತಾತ?” ಎಂದು ಕೇಳಿದಳು.

ನಮ್ಮಲ್ಲಿ ಉತ್ತರವಿರಲಿಲ್ಲ. ಎಡೆಯೂರಿನಲ್ಲಿ ಸಿದ್ಧಲಿಂಗೇಶ್ವರರ ಗದ್ದುಗೆಯ ಮುಂದೆ ಕುಳಿತಾಗಲೂ ಆ ಪ್ರಶ್ನೆ ಬಿಡಲಿಲ್ಲ. ಶೂನ್ಯಸಂಪಾದನೆಯಾದರೂ ಎಂಥ ಕೃತಿ! ಹನ್ನೆರಡನೆಯ ಶತಮಾನದ ಶರಣರ ವಚನಗಳನ್ನು ಆಯ್ದು, ಅವರೆಲ್ಲ ಎದುರುಬದುರು ಕುಳಿತು ವಾದಿಸಿದಂತೆ ಮುಂದಿನವರು ಹೆಣೆದ ಗ್ರಂಥ. ಅದು ಕಾವ್ಯವೂ ಅಲ್ಲ, ಪುರಾಣವೂ ಅಲ್ಲ, ನಾಟಕವೂ ಅಲ್ಲ. ಶೂನ್ಯಸಂಪಾದನೆಗಳು ನಾಲ್ಕಿವೆ, ಹಿಂದಿನವರ ಹೆಣಿಗೆಯನ್ನು ಮುಂದಿನವರು ಬಿಚ್ಚಿ ಮತ್ತೆ ಹೆಣೆದಿದ್ದಾರೆ. ಅಷ್ಟು ಸ್ವಾತಂತ್ರ್ಯ ವಹಿಸಿದ ಹಿರಿಯರನ್ನು ನಾವು ತಲೆಯ ಮೇಲೆ ಹೊತ್ತಿದ್ದೇವೆ. ಮನೆಯ ಮಗುವಿಗೆ ಮಾತ್ರ ಕೆಂಪು ಶಾಯಿ.

ಆದರೂ ಆ ಪ್ರಸಂಗದಲ್ಲಿ ನಿಯಮವಿಲ್ಲವೆನ್ನಲಾಗದು. ದೇಹವನ್ನು ಗಟ್ಟಿ ಮಾಡಿಕೊಂಡವನಿಗೆ ಕತ್ತಿ ತಾಗುತ್ತದೆ; ದೇಹಭಾವವನ್ನೇ ಕಳೆದುಕೊಂಡವನಲ್ಲಿ ತಾಗುವುದಕ್ಕೆ ಏನೂ ಉಳಿದಿಲ್ಲ. ಪ್ರಸಂಗ ಮುಗಿಯುವವರೆಗೂ ಈ ಕಟ್ಟು ಸಡಿಲುವುದಿಲ್ಲ. ಅದು ಭೌತವಿಜ್ಞಾನದ ಪುಸ್ತಕದ ನಿಯಮವಲ್ಲ, ಆ ಕಥೆ ತನಗೆ ತಾನೇ ವಿಧಿಸಿಕೊಂಡದ್ದು.

ಪಶ್ಚಿಮದಲ್ಲಿಯೂ ಈ ಜಗಳ ನಡೆದಿದೆ. ಜೂಲ್ಸ್ ವರ್ನ್ 1865ರಲ್ಲಿ ಬರೆದ ಕಾದಂಬರಿಯಲ್ಲಿ ದೊಡ್ಡ ಫಿರಂಗಿಯಿಂದ ಮನುಷ್ಯರನ್ನು ಚಂದ್ರನತ್ತ ಹಾರಿಸಿದ. ಎಚ್. ಜಿ. ವೆಲ್ಸ್ 1901ರ ತನ್ನ ಕಾದಂಬರಿಯಲ್ಲಿ ಗುರುತ್ವವನ್ನೇ ತಡೆಯುವ ಕೇವರೈಟ್ ಎಂಬ ಪದಾರ್ಥವನ್ನು ಕಲ್ಪಿಸಿಕೊಂಡ. ನನ್ನದು ಭೌತವಿಜ್ಞಾನ, ಅವನದು ಬರಿಯ ಕಲ್ಪನೆ, ಎಲ್ಲಿದೆ ಆ ಲೋಹ ತೋರಿಸಲಿ ಎಂಬುದು ವರ್ನ್‌ನ ಆಕ್ಷೇಪ. ನಾವು ವರ್ನ್‌ನ ಪಕ್ಷದವರೆಂದೇ ಇಷ್ಟು ಕಾಲ ತಿಳಿದಿದ್ದೆವು. ಎಡೆಯೂರಿನಿಂದ ಹಿಂದಿರುಗಿದ ರಾತ್ರಿ ನಿದ್ರೆ ಬಾರದೆ ಲೆಕ್ಕ ಹಾಕಿದೆವು. ಆ ಫಿರಂಗಿಯ ಉದ್ದ 900 ಅಡಿ. ಅಷ್ಟರೊಳಗೆ ಗುಂಡು ಸೆಕೆಂಡಿಗೆ 11 ಕಿಲೋಮೀಟರ್ ವೇಗ ಪಡೆಯಬೇಕು. ಒಳಗಿದ್ದವರ ಮೇಲೆ ಬೀಳುವ ಒತ್ತಡ ಅವರ ತೂಕದ ಇಪ್ಪತ್ತು ಸಾವಿರ ಪಟ್ಟಿಗೂ ಹೆಚ್ಚು. ಬಾಯಿಂದ ಹೊರಬೀಳುವ ಮೊದಲೇ ಮೂವರೂ ಅಪ್ಪಚ್ಚಿಯಾಗಿರುತ್ತಿದ್ದರು. ನಿಯಮ ಕೇಳಿದವನೂ ನಿಯಮವನ್ನು ಮರೆತೇ ಕಥೆ ಹೇಳಿದ್ದ! ನೂರೈವತ್ತು ವರ್ಷಗಳಿಗೂ ಮಿಗಿಲಾಗಿ ಜಗತ್ತು ಅದನ್ನು ಸಂತೋಷದಿಂದ ಓದುತ್ತಲೇ ಇದೆ.

ಇನ್ನು ನಮ್ಮ ಗುಬ್ಬಿ. 1884ರಲ್ಲಿ ಹುಟ್ಟಿದ ಚನ್ನಬಸವೇಶ್ವರ ನಾಟಕ ಸಂಘವನ್ನು ಗುಬ್ಬಿ ವೀರಣ್ಣನವರು ನಾಡಿಗೆಲ್ಲ ಹೆಸರಾಗುವಂತೆ ಬೆಳೆಸಿದರು. ಕುರುಕ್ಷೇತ್ರ ನಾಟಕದಲ್ಲಿ ಅವರು ರಂಗದ ಮೇಲೆ ನಿಜವಾದ ಆನೆ ಕುದುರೆಗಳನ್ನೇ ತಂದರು. ನಮ್ಮ ತಂದೆಯವರು ಆ ನಾಟಕ ನೋಡಿದವರು. ಮುಪ್ಪಿನಲ್ಲಿಯೂ ಆನೆಯ ಮಾತು ಬಂದರೆ ಅವರ ಕಣ್ಣು ಅರಳುತ್ತಿತ್ತು. ಕಥೆ ದ್ವಾಪರದ್ದು, ಆನೆ ಇಂದಿನದು, ನಡುವೆ ಬರುವ ಹಾಸ್ಯ ಪಕ್ಕದ ಸಂತೆಯದು. ಪುರಾಣಕ್ಕೆ ಅಪಚಾರವಾಯಿತೆಂದು ತಂದೆಯವರಿಗೆ ಒಮ್ಮೆಯೂ ಅನ್ನಿಸಿರಲಿಲ್ಲ. ಹಿಂದಿನ ದೃಶ್ಯದಲ್ಲಿ ಕಳೆದುಕೊಂಡ ಉಂಗುರ ಮುಂದಿನ ದೃಶ್ಯದಲ್ಲಿ ಬೆರಳಿನಲ್ಲಿದ್ದರೆ ಮಾತ್ರ, ಯಾವ ನಾಟಕವಾದರೂ ಸರಿ, ಅವರು ಮನೆಗೆ ಬಂದು ಗೊಣಗುತ್ತಿದ್ದರು.

ಆ ಉಂಗುರದ ಮಾತು ನೆನಪಾದ ಮೇಲೆ ನಾವು ಮೊಮ್ಮಗಳ ಪುಸ್ತಕವನ್ನು ಮತ್ತೆ ಕೇಳಿ ಪಡೆದೆವು. ಅವಳು ಅನುಮಾನದಿಂದಲೇ ಕೊಟ್ಟಳು. ಈ ಸಲ ಪೆನ್ನಿಲ್ಲದೆ ಓದಿದೆವು. ನಾವು ಅಡ್ಡಗೆರೆ ಎಳೆದಿದ್ದ ಪುಟಗಳಲ್ಲಿ ಆ ಅಜ್ಜಿ ಪುರಿಯನ್ನು ಸೆರಗಿನಲ್ಲಿ ಕಟ್ಟಿಕೊಳ್ಳುವ ರೀತಿ, ಬತ್ತಾಸನ್ನು ಮೊದಲು ಮೂಸಿ ನೋಡುವ ರೀತಿ ಇತ್ತು. ಅದು ನಮ್ಮ ಮನೆಯವರೇ. ಅವರು ಹೋಗಿ ಎರಡು ವರ್ಷವಾಗಿತ್ತು. ಮೊದಲ ಸಲ ಅದನ್ನು ಕಾಣದೆ ನಾವು ಬೆಳಕಿನ ವೇಗವನ್ನು ತಿದ್ದುತ್ತ ಕುಳಿತಿದ್ದೆವು.

ಕಥೆಯ ನಿಜವಾದ ತೊಡಕೂ ಆಗಲೇ ಕಂಡಿತು. ಬೆಳಕನ್ನು ಹಿಂದಿಟ್ಟ ಕುದುರೆ ಜಾತ್ರೆಗೆ ಮಾತ್ರ ತಡವಾಗಿ, ತೇರು ನಿಂತ ಮೇಲೆ ತಲುಪುತ್ತದೆ. “ಕುದುರೆ ಎಷ್ಟು ಬೇಗವಾದರೂ ಓಡಲಿ ಪುಟ್ಟಿ, ಅದು ನಿನ್ನ ಇಷ್ಟ. ಆದರೆ ಇಲ್ಲೇಕೆ ತಡವಾಯಿತು?” ಎಂದು ಕೇಳಿದೆವು.

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಜ್ಜಿಯ ಊರು ಹತ್ತಿರ ಬಂದಾಗ ಅದು ಬೇಕಂತಲೇ ನಡೆಯುತ್ತೆ, ತಾತ. ಬೇಗ ಹೋದರೆ ಬೇಗ ವಾಪಸ್ಸು ಹೊರಡಬೇಕಲ್ಲ” ಎಂದಳು.

ಅದನ್ನು ಬರೆದಿಲ್ಲವಲ್ಲ ಎಂದೆವು. ಬರೆಯುತ್ತೇನೆಂದು ಅಲ್ಲೇ ನೆಲದ ಮೇಲೆ ಕುಳಿತಳು. ಕೆಂಪು ಗೆರೆಗಳಿದ್ದ ಹಾಳೆಗಳನ್ನು ಹರಿದು, ಹೊಸ ಹಾಳೆಯಲ್ಲಿ ಎಲ್ಲವನ್ನೂ ಮೊದಲಿನಿಂದ ಬರೆಯತೊಡಗಿದಳು. ಸಂಜೆಯ ಹೊತ್ತಿಗೆ ಒಮ್ಮೆ ತಲೆಯೆತ್ತಿ, ಜಾತ್ರೆಗೆ ಅಜ್ಜಿ ಯಾವ ಸೀರೆ ಉಡುತ್ತಿದ್ದರು ಎಂದು ಕೇಳಿದಳು. ಹಸಿರು ಇಳಕಲ್ ಎಂದೆವು.