ದೊಡ್ಡ ಗಾಳಿಯ ವರ್ಷ ಹುಟ್ಟಿದವರು

ಐರಿಷ್ ಮನೆತನವೊಂದರ ಬೇರು ಹುಡುಕಲು ಕೂತವರಿಗೆಲ್ಲ ಅಡ್ಡ ಬರುವ ದಿನವೊಂದಿದೆ: 1922ರ ಜೂನ್ 30. ಅಂತರ್ಯುದ್ಧದ ನಡುವೆ ಡಬ್ಲಿನ್ನಿನ ಫೋರ್ ಕೋರ್ಟ್ಸ್ ಆವರಣದಲ್ಲಿ ಭಾರೀ ಸ್ಫೋಟವಾಗಿ ಸರ್ಕಾರದ ದಾಖಲೆಗಳ ಕಚೇರಿಯೇ ಉರಿದುಹೋಯಿತು. 1821ರಿಂದ 1851ರವರೆಗಿನ ನಾಲ್ಕು ಜನಗಣತಿಗಳ ಬಹುಪಾಲು ಹಾಳೆಗಳು, ಉಯಿಲುಗಳು, ಪ್ರಾಟೆಸ್ಟಂಟ್ ಚರ್ಚುಗಳ ನೂರಾರು ಪುಸ್ತಕಗಳು ಕರಕಲಾಗಿ ಊರ ಮೇಲೆ ಉದುರಿದವು. 1861ರಿಂದ 1891ರವರೆಗಿನ ಗಣತಿಗಳನ್ನು ಅದಕ್ಕೂ ಮೊದಲೇ ಸರ್ಕಾರವೇ ನಾಶ ಮಾಡಿಸಿತ್ತು. ಹಾಗಾಗಿ ಇಡಿಯಾಗಿ ಉಳಿದಿರುವ ಮೊದಲ ಗಣತಿ 1901ರದು, ಅದರ ಹಿಂದೆಯೇ 1911ರದು.

ಇಷ್ಟು ಸುಟ್ಟುಹೋದ ಮೇಲೆ ಹುಡುಕಲು ಏನಿದೆ ಎಂದು ಕೇಳುವವರಿದ್ದಾರೆ. ನನ್ನನ್ನು ಹಿಡಿದಿಟ್ಟಿರುವುದು ಆ ಪ್ರಶ್ನೆಯೇ. ಡಬ್ಲಿನ್ನಿನಲ್ಲಿ ನೆಲೆಸಿದ ನನಗೆ ಇಲ್ಲಿ ಪೂರ್ವಜರಿಲ್ಲ. ಪಕ್ಕದ ಮನೆಯ ಹಿರಿಯಾಕೆಗೆ ಅವರ ಅಜ್ಜಿಯ ಕಡೆಯವರನ್ನು ಹುಡುಕಿಕೊಡಲು ಕೂತವಳು ಮತ್ತೆ ಏಳಲಿಲ್ಲ.

1911ರ ಗಣತಿಯ ಹಾಳೆಯನ್ನು ನಾನು ಎಷ್ಟು ಹೊತ್ತು ಬೇಕಾದರೂ ಓದಬಲ್ಲೆ. ಮನೆಯ ಯಜಮಾನನೇ ತುಂಬಿ, ಸಹಿ ಹಾಕಿ, ಬರೆಯಲು ಬಾರದಿದ್ದರೆ ಗುರುತು ಹಾಕಿ ಕೊಟ್ಟ ಹಾಳೆ ಅದು. ಯಾರು ಐರಿಷ್ ಆಡುತ್ತಿದ್ದರು, ಯಾರಿಗೆ ಓದು ಬರುತ್ತಿತ್ತು ಎಂಬುದು ಅದರಲ್ಲಿದೆ. ಮನೆಯ ಮುಂಭಾಗಕ್ಕೆ ಎಷ್ಟು ಕಿಟಕಿ, ಸೂರಿಗೆ ಹುಲ್ಲೋ ಹೆಂಚೋ ಎಂಬುದಕ್ಕೆ ಬೇರೆಯದೇ ಹಾಳೆ. ಮದುವೆಯಾದ ಹೆಂಗಸರಿಗೆ ಮಾತ್ರ ಕೇಳಿದ ಪ್ರಶ್ನೆಗಳೂ ಇವೆ: ಮದುವೆಯಾಗಿ ಎಷ್ಟು ವರ್ಷವಾಯಿತು, ಎಷ್ಟು ಮಕ್ಕಳು ಜೀವಂತ ಹುಟ್ಟಿದರು, ಈಗ ಬದುಕಿರುವವರೆಷ್ಟು. ಹುಟ್ಟಿದ್ದು 9, ಇರುವುದು 5 ಎಂದು ಕಂಡರೆ ಮುಂದಿನ ಸಾಲಿಗೆ ಹೋಗಲು ನನಗೆ ಮನಸ್ಸು ಬರುವುದಿಲ್ಲ. ಉಳಿದ ನಾಲ್ವರನ್ನು ಹುಡುಕಲೇಬೇಕು. 1864ರಿಂದ ಜನನ ಮರಣಗಳೆಲ್ಲ ಸರ್ಕಾರದಲ್ಲಿ ನೋಂದಣಿಯಾಗಬೇಕಿತ್ತು. ಅಲ್ಲಿ ಆ ಕೂಸುಗಳಿಗೆ ಹೆಸರಾದರೂ ಸಿಗುತ್ತದೆ.

ಎರಡೂ ಗಣತಿಗಳನ್ನು ಪಕ್ಕಪಕ್ಕ ಇಟ್ಟರೆ ಇನ್ನೊಂದು ಸಂಗತಿ ಕಾಣುತ್ತದೆ. ಹತ್ತು ವರ್ಷದಲ್ಲಿ ಹದಿನೈದು ವರ್ಷ ದೊಡ್ಡವರಾದ ಮುದುಕ ಮುದುಕಿಯರು ಅಲ್ಲಲ್ಲಿ ಸಿಗುತ್ತಾರೆ. ಕಾರಣ, 1908ರ ಕಾಯ್ದೆಯಂತೆ ಮರುವರ್ಷದ ಜನವರಿಯಿಂದ ಎಪ್ಪತ್ತು ದಾಟಿದ ಬಡವರಿಗೆ ವಾರಕ್ಕೆ 5 ಶಿಲಿಂಗ್‌ವರೆಗೆ ಪಿಂಚಣಿ ಬರತೊಡಗಿತು. 1839ರ ಸುಮಾರಿಗೆ ಹುಟ್ಟಿದವರ ಬಳಿ ಜನನ ಪತ್ರ ಎಲ್ಲಿಂದ ಬರಬೇಕು? ನಮ್ಮಲ್ಲಿ ಪ್ಲೇಗಿನ ವರ್ಷ ಹುಟ್ಟಿದೆ ಎನ್ನುತ್ತಿದ್ದ ಹಿರಿಯರ ಹಾಗೆ, ಇಲ್ಲಿಯವರು 1839ರ ಜನವರಿ 6ರ ರಾತ್ರಿ ಬೀಸಿದ ‘ದೊಡ್ಡ ಗಾಳಿ’ ತಮಗೆ ನೆನಪಿದೆ ಎಂದು ಹೇಳಿ ವಯಸ್ಸು ಸಾಬೀತು ಮಾಡಲು ನೋಡಿದರು. ಅದೂ ಸಾಲದಾದಾಗ ತಂದೆತಾಯಿಯ ಹೆಸರು, ಊರು ಬರೆದು, 1841 ಇಲ್ಲವೇ 1851ರ ಗಣತಿಯಲ್ಲಿ ನಮ್ಮನ್ನು ಹುಡುಕಿ ಎಂದು ಡಬ್ಲಿನ್ನಿಗೆ ಅರ್ಜಿ ಹಾಕಿದರು. ಗುಮಾಸ್ತರು ಹುಡುಕಿ, ಕಂಡದ್ದನ್ನು ಆ ಅರ್ಜಿಗಳ ಮೇಲೆಯೇ ಬರೆದರು. ಗಣತಿ ಸುಟ್ಟುಹೋಯಿತು, ಅರ್ಜಿಗಳು ಉಳಿದವು. ಭೀಕರ ಕ್ಷಾಮ ಕಳೆಯುತ್ತಿದ್ದ 1851ರಲ್ಲಿ ಒಂದು ಗುಡಿಸಲಲ್ಲಿ ಯಾರ್ಯಾರಿದ್ದರೆಂಬುದು ಇವತ್ತು ತಿಳಿಯುವುದು 5 ಶಿಲಿಂಗಿಗಾಗಿ ಕಾದ ಒಬ್ಬ ಮುದುಕಿಯ ಹಟದಿಂದ. ಇದಕ್ಕಿಂತ ದೊಡ್ಡ ಸಂತೋಷ ಈ ಕೆಲಸದಲ್ಲಿ ನನಗೆ ಸಿಕ್ಕಿಲ್ಲ.

ವಂಶವನ್ನು ಯಾವುದೋ ಪ್ರಾಚೀನ ರಾಜನವರೆಗೆ ಎಳೆದು ತೋರಿಸುವವರಿದ್ದಾರೆ. ನನಗೆ ಅದರಲ್ಲಿ ಆಸೆ ಇಲ್ಲ. ಒಂದು ಟೌನ್‌ಲ್ಯಾಂಡಿನ ಹೆಸರು ಸಿಕ್ಕರೆ ಸಾಕು. ಹೆಸರಲ್ಲಿ ಟೌನ್ ಇದ್ದರೂ ಇದು ಪಟ್ಟಣವಲ್ಲ. ಕೆಲವೇ ಮನೆಗಳು, ಅವುಗಳ ಸುತ್ತಿನ ಹೊಲಗಳು, ಅಷ್ಟೆ. ಇಂಥವು ಐರ್ಲೆಂಡ್ ದ್ವೀಪದಲ್ಲಿ ಅರವತ್ತು ಸಾವಿರಕ್ಕೂ ಹೆಚ್ಚಿವೆ. ಯಾವ ಟೌನ್‌ಲ್ಯಾಂಡ್ ಎಂಬುದು ಗೊತ್ತಿಲ್ಲದೆ ಬರೀ ವ್ಯಕ್ತಿಯ ಹೆಸರನ್ನು ನಂಬಿ ಹೊರಟರೆ ದಾರಿ ತಪ್ಪುತ್ತದೆ. 1892ರ ಜನವರಿ 1ರಂದು ನ್ಯೂಯಾರ್ಕಿನ ಎಲ್ಲಿಸ್ ದ್ವೀಪದಲ್ಲಿ ಮೊದಲು ಇಳಿದ ಕಾರ್ಕ್‌ನ ಹುಡುಗಿ ಆ್ಯನಿ ಮೂರ್‌ಳನ್ನು ಟೆಕ್ಸಸ್‌ನಲ್ಲಿ ಸತ್ತ ಇನ್ನೊಬ್ಬ ಆ್ಯನಿ ಮೂರ್ ಎಂದೇ ಜನ ಬಹುಕಾಲ ನಂಬಿದ್ದರು. ಆ ಇನ್ನೊಬ್ಬಾಕೆ ಅಮೆರಿಕದಲ್ಲೇ ಹುಟ್ಟಿದವಳು. ನಿಜವಾದ ಆ್ಯನಿ ನ್ಯೂಯಾರ್ಕ್ ಬಿಟ್ಟು ಹೋಗಿರಲೇ ಇಲ್ಲ ಎಂದು 2006ರಲ್ಲಿ ವಂಶಾವಳಿ ತಜ್ಞೆ ಮೇಗನ್ ಸ್ಮೋಲೆನ್ಯಾಕ್ ದಾಖಲೆ ಸಮೇತ ತೋರಿಸಿದರು. ಅಲ್ಲಿಯವರೆಗೆ ಆಕೆಯ ಸಮಾಧಿಗೆ ಕಲ್ಲೂ ಇರಲಿಲ್ಲ.

ಟೌನ್‌ಲ್ಯಾಂಡ್ ತಿಳಿದ ಮೇಲೆ ರಿಚರ್ಡ್ ಗ್ರಿಫಿತ್ ಜೊತೆಗಿದ್ದಾನೆ. 1847ರಿಂದ 1864ರವರೆಗೆ ತೆರಿಗೆಗಾಗಿ ಅವನು ನಡೆಸಿದ ಮೌಲ್ಯಮಾಪನದಲ್ಲಿ ಗೇಣಿದಾರ ಯಾರು, ಒಡೆಯ ಯಾರು, ನೆಲ ಎಷ್ಟು ಎಂಬುದೆಲ್ಲ ನಕ್ಷೆಯ ಅಂಕೆಗಳೊಂದಿಗೆ ದಾಖಲಾಗಿದೆ. ಪಕ್ಕದ ಮನೆಯ ಹಿರಿಯಾಕೆಯೊಂದಿಗೆ ಮೇಯೊ ಕೌಂಟಿಗೆ ಹೋಗಿ, ಆ ನಕ್ಷೆ ಹಿಡಿದು, ಅವರ ಅಜ್ಜಿಯ ಅಜ್ಜ ಗೇಣಿಗೆ ಹಿಡಿದಿದ್ದ ಹೊಲದ ಬದುವಿನ ಮೇಲೇ ನಿಂತು ಬಂದಿದ್ದೇವೆ. ಆಮೇಲೆ ಆ ಹೊಲ ಯಾರ ಕೈ ಸೇರಿತೆಂಬುದನ್ನು ಡಬ್ಲಿನ್ನಿನಲ್ಲಿರುವ ಮೌಲ್ಯಮಾಪನದ ತಿದ್ದುಪಡಿ ಪುಸ್ತಕಗಳು ಹೇಳುತ್ತವೆ. ಗೇಣಿದಾರ ಬದಲಾದಾಗ ಹಳೆಯ ಹೆಸರು ಹೊಡೆದು, ಬೇರೆ ಬಣ್ಣದ ಶಾಯಿಯಲ್ಲಿ ಹೊಸದನ್ನು ಬರೆಯುತ್ತಿದ್ದರು. ನಮ್ಮವರ ಹೊಲದ ಸಾಲಿನಲ್ಲಿ ಮಗನ ಹೆಸರು ಬಂದಿಲ್ಲ, ಅಳಿಯನ ಹೆಸರು ಬಂದಿದೆ. ಮಗ ಹಡಗು ಹತ್ತಿದನೋ, ಮಣ್ಣು ಸೇರಿದನೋ? ಇನ್ನು ಲಿವರ್‌ಪೂಲ್, ನ್ಯೂಯಾರ್ಕ್‌ಗಳ ಹಡಗು ಪಟ್ಟಿಗಳನ್ನು ತೆರೆಯಬೇಕು.