ಸ್ಟಿಕರಿನ ಎರಡನೇ ಸಾಲು

ನಮ್ಮ ಕಾರಿನ ಬಾಗಿಲು ತೆಗೆದರೆ ಪಕ್ಕದಲ್ಲಿ ಬೆಂಕಿಪೊಟ್ಟಣದಷ್ಟು ಅಗಲದ ಒಂದು ಸ್ಟಿಕರ್ ಅಂಟಿಸಿತ್ತು. ಅದರ ಮೇಲೆ ನೀಲಿ ಬಾಲ್‌ಪೆನ್ನಿನಲ್ಲಿ ಎರಡು ಸಾಲು. ‘ಮುಂದಿನ ಆಯಿಲ್ ಚೇಂಜ್ 41,400 ಕಿ.ಮೀ.’ ಅನ್ನುವುದು ಮೊದಲನೆಯದು. ‘ಅಥವಾ ಜೂನ್ 2020’ ಅನ್ನುವುದು ಎರಡನೆಯದು. ಎರಡೂವರೆ ವರ್ಷ ಆ ಬಾಗಿಲು ತೆಗೆದು ಹಾಕಿದೆ. ಲೆಕ್ಕಕ್ಕೆ ಹಿಡಿದದ್ದು ಮೊದಲ ಸಾಲನ್ನು ಮಾತ್ರ. ಎರಡನೆಯದು ಕಣ್ಣಿಗೆ ಬಿದ್ದಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಬಿದ್ದಿತ್ತು. ಓಡದ ಗಾಡಿಗೆ ಆಯಿಲ್ ಯಾಕೆ ಬದಲಾಯಿಸಬೇಕು, ಅದೆಲ್ಲ ಸರ್ವಿಸ್‌ನವರ ವ್ಯಾಪಾರದ ಮಾತು ಎಂದು ನಾನೇ ತೀರ್ಮಾನಿಸಿಕೊಂಡಿದ್ದೆ.

ಆ ತೀರ್ಮಾನದ ಬೆಲೆಯನ್ನು ನಾನೊಬ್ಬನೇ ತೆತ್ತಿದ್ದರೆ ಇದನ್ನು ಬರೆಯಲು ಕೂರುತ್ತಿರಲಿಲ್ಲ.

ನಮ್ಮ ಮನೆ ಬೆಂಗಳೂರಿನ ಜಯನಗರದ ನಾಲ್ಕನೇ ಟಿ ಬ್ಲಾಕ್‌ನಲ್ಲಿ. ಮಗನ ಶಾಲೆ ಜೆ.ಪಿ. ನಗರ ಎರಡನೇ ಹಂತದಲ್ಲಿ, ಮೂರು ಕಿಲೋಮೀಟರ್ ದೂರ. ನನ್ನ ಆಫೀಸು ಬಿ.ಟಿ.ಎಂ. ಲೇಔಟ್‌ನಲ್ಲಿ. 2019ರ ಜೂನ್‌ನಲ್ಲಿ ಆಯಿಲ್ ಬದಲಾಯಿಸಿದಾಗ ಮೀಟರ್ 31,400 ತೋರಿಸುತ್ತಿತ್ತು. ಅಲ್ಲಿಂದ ದಿನದ ಓಡಾಟ ಇಷ್ಟೇ: ಬೆಳಿಗ್ಗೆ ಶಾಲೆ, ಶಾಲೆಯಿಂದ ಆಫೀಸು, ಸಂಜೆ ಮನೆ. ಬೊಮ್ಮಸಂದ್ರದ ಮೆಟ್ರೋ ಮಾರ್ಗಕ್ಕಾಗಿ ಮಾರೇನಹಳ್ಳಿ ರಸ್ತೆಯನ್ನು ಆಗಲೇ ಅಗೆದಿದ್ದರು. 2020ರ ಜನವರಿಯಲ್ಲಿ ಜಯದೇವ ಆಸ್ಪತ್ರೆ ಹತ್ತಿರದ ಮೇಲ್ಸೇತುವೆಯನ್ನೂ ಒಡೆಯಲು ಶುರು ಮಾಡಿದರು. ಧೂಳಿನಲ್ಲಿ ಮುಂದಿನ ಬಸ್ಸಿನ ಹಿಂಬದಿ ನೋಡುತ್ತಾ ಕೂತಿರುತ್ತಿದ್ದೆ. ಎಂಜಿನ್ ಓಡುತ್ತಿರುತ್ತಿತ್ತು, ಮೀಟರ್ ಕದಲುತ್ತಿರಲಿಲ್ಲ. ಈ ಒಂದು ಸಂಗತಿಯಲ್ಲೇ ಮುಂದಿನ ಎಲ್ಲ ಕಥೆ ಇತ್ತು, ನನಗೆ ಹೊಳೆಯಲಿಲ್ಲ.

ಆ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂತು. ಕಾರು ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ನಿಂತಿತು. ಬ್ಯಾಟರಿ ಕುಳಿತುಹೋಗದಿರಲಿ ಎಂದು ಪ್ರತಿ ಭಾನುವಾರ ಕೆಳಗಿಳಿದು ಹತ್ತು ನಿಮಿಷ ಸ್ಟಾರ್ಟ್ ಮಾಡಿ ಬಿಟ್ಟು, ಆಫ್ ಮಾಡಿ ಮೇಲೆ ಬರುತ್ತಿದ್ದೆ. ಕಾರಿನ ಬಗ್ಗೆ ಬಹಳ ಕಾಳಜಿ ತೋರಿಸುತ್ತಿದ್ದೇನೆ ಎಂದೇ ನಂಬಿದ್ದೆ. ಅಕ್ಕಪಕ್ಕದ ಮನೆಯವರಿಗೂ ಹಾಗೇ ಮಾಡಲು ಹೇಳಿದ್ದೆ, ಅವರೂ ಮಾಡಿದರು. ಲಾಕ್‌ಡೌನ್ ಸಡಿಲವಾದ ಮೇಲೂ ಕೆಲಸ ಮನೆಯಿಂದಲೇ ನಡೆಯಿತು. ನಾಲ್ಕನೇ ಬ್ಲಾಕ್‌ಗೆ ತರಕಾರಿ ತರಲು, ಅಮ್ಮನನ್ನು ಕ್ಲಿನಿಕ್ಕಿಗೆ ಕರೆದೊಯ್ಯಲು, ಅಷ್ಟಕ್ಕೇ ಕಾರು.

2021ರ ಮಳೆಗಾಲದಲ್ಲಿ ಒಮ್ಮೆ ವೈಪರ್‌ಗೆ ನೀರು ತುಂಬಲು ಬಾನೆಟ್ ಎತ್ತಿದವನು ಸುಮ್ಮನೆ ಆಯಿಲ್ ಮುಚ್ಚಳವನ್ನೂ ತಿರುಗಿಸಿ ತೆಗೆದೆ. ಮುಚ್ಚಳದ ಒಳಗೆ, ಮಜ್ಜಿಗೆಯ ಮೇಲೆ ತೇಲುವ ಬೆಣ್ಣೆಯ ಹಾಗೆ ಹಳದಿ ಮಿಶ್ರಿತ ಬಿಳಿ ನೊರೆ ಮೆತ್ತಿಕೊಂಡಿತ್ತು. ಹಳೇ ಬನಿಯನ್ ಬಟ್ಟೆಯಲ್ಲಿ ಒರೆಸಿ ಮುಚ್ಚಳ ಹಾಕಿದೆ. ಪಕ್ಕದಲ್ಲೇ ಡಿಪ್‌ಸ್ಟಿಕ್ ಇತ್ತು. ಎಳೆದು ನೋಡಲಿಲ್ಲ.

ಡಿಸೆಂಬರ್ ಮೊದಲ ವಾರ ಕನಕಪುರದಲ್ಲಿ ನಮ್ಮ ಸೋದರಮಾವನ ಷಷ್ಟಿಪೂರ್ತಿ. ಅಮ್ಮ ದೊಡ್ಡಕ್ಕ, ತಮ್ಮನಿಗೆ ಆರತಿ ಎತ್ತಬೇಕಾದವಳು. ಬೆಳ್ಳಿ ತಟ್ಟೆಯನ್ನು ಹಿಂದಿನ ದಿನವೇ ಹುಣಸೆಹಣ್ಣು ಹಾಕಿ ತೊಳೆದಿಟ್ಟಿದ್ದಳು. ಎರಡು ವರ್ಷದ ಕೊರೊನಾ ಕಾಲದ ನಂತರ ಅವಳ ತವರಿನವರೆಲ್ಲ ಮೊದಲ ಬಾರಿಗೆ ಒಂದೆಡೆ ಸೇರುವವರಿದ್ದರು. ಬೆಳಿಗ್ಗೆ ಆರೂವರೆಗೆ ಹೊರಟೆವು. ಬನಶಂಕರಿ ಗುಡಿಯ ಮುಂದೆ ನಿಧಾನಿಸಿ ಅಮ್ಮ ಕೈಮುಗಿದಳು. ಕೋಣನಕುಂಟೆ ಕ್ರಾಸ್ ಸಿಗ್ನಲ್‌ನಲ್ಲಿ ನಿಂತಾಗ ಡ್ಯಾಶ್‌ಬೋರ್ಡಿನಲ್ಲಿ ಅಲ್ಲಾವುದ್ದೀನನ ದೀಪದಂಥ ಕೆಂಪು ಚಿತ್ರ ಮಿನುಗಿತು. ಆಕ್ಸಿಲರೇಟರ್ ಒತ್ತಿದೆ, ಆರಿತು. ಕಗ್ಗಲೀಪುರ ದಾಟಿದ ಮೇಲೆ ಮತ್ತೆ ಹತ್ತಿತು, ಈ ಸಲ ಆರಲಿಲ್ಲ. ಆಯಿಲ್ ಸ್ವಲ್ಪ ಕಡಿಮೆಯಾಗಿರಬೇಕು, ಕನಕಪುರದಲ್ಲಿ ಅರ್ಧ ಲೀಟರ್ ಹಾಕಿಸಿದರಾಯಿತು ಅಂದುಕೊಂಡೆ.

‘ಏನೋ ಟಕಟಕ ಅಂತ ಶಬ್ದ ಬರ್ತಿದೆಯಲ್ಲೋ, ಒಂದ್ನಿಮಿಷ ನಿಲ್ಸಪ್ಪ’ ಅಂದಳು ಅಮ್ಮ.

‘ಇನ್ನೇನು ಬಂದೇಬಿಡ್ತು ಬಿಡಮ್ಮ’ ಅಂದೆ.

ಐದಾರು ಕಿಲೋಮೀಟರ್ ಹಾಗೇ ಓಡಿಸಿದೆ. ಹಾರೋಹಳ್ಳಿ ಇನ್ನೂ ಬಂದಿರಲಿಲ್ಲ. ಟಕಟಕ ಸದ್ದು ಸುತ್ತಿಗೆ ಪೆಟ್ಟಿನಷ್ಟು ಜೋರಾಗಿ, ಆಮೇಲೆ ಒಮ್ಮೆಲೇ ನಿಂತಿತು. ಎಂಜಿನ್ ಕೂಡ. ಕೀ ತಿರುಗಿಸಿದರೆ ‘ಟಕ್’ ಎಂಬ ಒಂದೇ ಸದ್ದು. ರೇಷ್ಮೆ ಸೀರೆ ಉಟ್ಟಿದ್ದ ಅಮ್ಮ ಆರತಿ ತಟ್ಟೆಯ ಚೀಲ ಮಡಿಲಲ್ಲಿಟ್ಟುಕೊಂಡು ಹುಣಸೇಮರದ ಬುಡದಲ್ಲಿ ಕೂತಳು. ಭಾನುವಾರ, ಅರುವತ್ತಾರು ವರ್ಷದ ಮಂಡಿನೋವಿನ ಹೆಂಗಸು. ಬಸ್ಸು ಹತ್ತಿಸುವ ಧೈರ್ಯ ನನಗಾಗಲಿಲ್ಲ. ಮಾವನ ಮಗ ಇನ್ನೊಂದು ಕಾರು ತರಲು ಹೊರಟಿದ್ದ, ಆದರೆ ಮುಹೂರ್ತಕ್ಕೆ ತಲುಪುವಂತಿರಲಿಲ್ಲ. ಮಾವ ಫೋನು ಮಾಡಿದಾಗ ಹಿಂದೆ ಓಲಗದ ಸದ್ದು ಕೇಳುತ್ತಿತ್ತು. ‘ಅಕ್ಕ, ನೀನು ಬರೋವರೆಗೂ ನಿಲ್ಸೋಣ ಅಂದ್ರೆ ಹೊತ್ತು ಮೀರತ್ತೆ ಅಂತಿದಾರೆ.’ ಅಮ್ಮ, ‘ಮಾಡ್ಕೊಳ್ಳಪ್ಪ, ನಾನಿಲ್ಲಿಂದಲೇ ಹರಸ್ತೀನಿ’ ಎಂದು ಫೋನು ನನ್ನ ಕೈಗೆ ಕೊಟ್ಟಳು. ಆ ಮೇಲೆ ಬಹಳ ಹೊತ್ತು ಮಾತಾಡಲಿಲ್ಲ. ನನ್ನನ್ನು ಬೈಯಲೂ ಇಲ್ಲ. ನಾವು ಕನಕಪುರ ಮುಟ್ಟುವಾಗ ಎರಡನೇ ಪಂಕ್ತಿಯ ಊಟ ಮುಗಿದಿತ್ತು.

ಕಾರನ್ನು ಟೋ ಮಾಡಿಸಿ ಬನಶಂಕರಿ ಎರಡನೇ ಹಂತದ ಒಂದು ಸಣ್ಣ ಗ್ಯಾರೇಜಿಗೆ ತಂದೆವು. ಮೂವತ್ತು ವರ್ಷ ಕೈಯಲ್ಲಿ ಗ್ರೀಸು ಮೆತ್ತಿಕೊಂಡ ಮೆಕ್ಯಾನಿಕ್ ಅವರು. ಮೊದಲು ಡಿಪ್‌ಸ್ಟಿಕ್ ಎಳೆದರು. ತುದಿಯಲ್ಲಿ ಒಂದು ಹನಿ ಮಾತ್ರ, ಕೆಳಗಿನ ಗೆರೆಗೂ ಮುಟ್ಟಿರಲಿಲ್ಲ. ಎಂಜಿನ್ನಿನ ಮೇಲಿನ ಕವರ್ ಬಿಚ್ಚಿದರು. ಎಂಜಿನ್ ಇಳಿಸಿ ಕೆಳಗಿನ ಚೇಂಬರನ್ನೂ ಬಿಚ್ಚಿ ನನ್ನನ್ನು ಹತ್ತಿರ ಕರೆದರು. ಎಣ್ಣೆ ಇರಬೇಕಾದ ಕಡೆ ಡಾಂಬರಿನಂಥ ಕಪ್ಪು ಮುದ್ದೆ. ಆಯಿಲ್ ಪಂಪು ಎಣ್ಣೆ ಎಳೆಯುವ ಬಾಯಿಗೆ ಚಹಾ ಸೋಸುವ ಜಾಲರಿಯಷ್ಟೇ ಗಾತ್ರದ ಒಂದು ತಂತಿ ಜಾಲರಿ ಇರುತ್ತದೆ. ಅದರ ಮುಕ್ಕಾಲು ಭಾಗ ಮುಚ್ಚಿಹೋಗಿತ್ತು. ಕ್ರ್ಯಾಂಕಿನ ಬೇರಿಂಗುಗಳನ್ನು ಅಂಗೈಯಲ್ಲಿಟ್ಟು ತೋರಿಸಿದರು. ಕನ್ನಡಿಯಂತೆ ಹೊಳೆಯಬೇಕಾದ ಲೋಹ ಕಿತ್ತು, ನೀಲಿಗಟ್ಟಿ, ಬೆರಳಿಗೆ ಚುಚ್ಚುತ್ತಿತ್ತು.

‘ಸರ್, ಆಯಿಲ್ ಯಾವಾಗ ಚೇಂಜ್ ಮಾಡ್ಸಿದ್ರಿ?’

‘ಇನ್ನೂ ಹತ್ತು ಸಾವಿರ ಆಗಿಲ್ಲಣ್ಣ. ಐದು ಸಾವಿರದ ಆರುನೂರು ಅಷ್ಟೇ ಓಡಿರೋದು.’

‘ಎಷ್ಟು ಓಡಿದೆ ಅಂತ ಕೇಳ್ಲಿಲ್ಲ ಸರ್. ಯಾವಾಗ ಅಂತ ಕೇಳ್ದೆ.’

ಹೇಳಿದೆ. ಅವರು ಕೈ ಒರೆಸಿಕೊಳ್ಳುತ್ತಾ ಶೆಡ್ಡಿನ ಮೂಲೆ ತೋರಿಸಿದರು. ‘ಆ ಜನರೇಟರ್ ನೋಡಿ ಸರ್. ಹುಟ್ಟಿದಾಗಿಂದ ಒಂದಡಿ ಮುಂದಕ್ಕೆ ಓಡಿಲ್ಲ. ಹಾಗಂತ ಅದಕ್ಕೆ ಆಯಿಲ್ ಚೇಂಜ್ ಬೇಡ್ವಾ?’

ಜನರೇಟರಿಗೆ ಗಂಟೆಯ ಮೀಟರ್ ಇರುತ್ತದೆ. ಟ್ರ್ಯಾಕ್ಟರಿಗೂ ಇರುತ್ತದೆ. ಹಳ್ಳಿಯಲ್ಲಿ ಟ್ರ್ಯಾಕ್ಟರ್ ಇಟ್ಟವರು ‘ಇಷ್ಟು ಅವರ್ಸ್ ಆಯ್ತು’ ಎಂದೇ ಲೆಕ್ಕ ಹೇಳುವುದನ್ನು ನಾನೇ ಕೇಳಿದ್ದೇನೆ. ಸಾಮಾನ್ಯವಾಗಿ 250 ಗಂಟೆಗೊಮ್ಮೆ ಆಯಿಲ್ ಬದಲಾಯಿಸುತ್ತಾರೆ. ಕಾರಿನ ಎಂಜಿನ್ನೂ ಬದುಕುವುದು ಗಂಟೆಗಳಲ್ಲೇ. ಹೆದ್ದಾರಿಯಲ್ಲಿ ಗಂಟೆಗೂ ಕಿಲೋಮೀಟರಿಗೂ ತಾಳೆಯಾಗುವುದರಿಂದ ಕಿಲೋಮೀಟರ್ ಲೆಕ್ಕ ನಡೆಯುತ್ತದೆ, ಅಷ್ಟೇ. ನಮ್ಮ ಊರಿನಲ್ಲಿ ಆ ತಾಳೆ ತಪ್ಪಿಹೋಗಿದೆ. ಟಾಮ್‌ಟಾಮ್ ಸಂಸ್ಥೆಯ 2022ರ ಸಂಚಾರ ಸೂಚ್ಯಂಕದಲ್ಲಿ ಬೆಂಗಳೂರಿನ ನಡುಭಾಗದಲ್ಲಿ 10 ಕಿ.ಮೀ. ಸಾಗಲು ಸರಾಸರಿ 29 ನಿಮಿಷ 10 ಸೆಕೆಂಡ್ ಬೇಕಾಗಿತ್ತು. ಲಂಡನ್ ಬಿಟ್ಟರೆ ಅಷ್ಟು ನಿಧಾನದ ನಗರ ಆ ಪಟ್ಟಿಯಲ್ಲಿ ಬೇರೆ ಇರಲಿಲ್ಲ. ಅಂದರೆ ಗಂಟೆಗೆ ಸುಮಾರು 20 ಕಿ.ಮೀ. ಆ ವೇಗದಲ್ಲಿ ನನ್ನ 5,600 ಕಿ.ಮೀ. ಎಂದರೆ 280 ಗಂಟೆ. ದಾವಣಗೆರೆ ಹೆದ್ದಾರಿಯಲ್ಲಿ ಗಂಟೆಗೆ 70ರಂತೆ ಓಡಿಸಿದವನಿಗೆ ಅದೇ ದೂರಕ್ಕೆ 80 ಗಂಟೆ ಸಾಕು. ಇಬ್ಬರ ಸ್ಟಿಕರಿನಲ್ಲೂ ಒಂದೇ ಅಂಕಿ ಬರೆದಿರುತ್ತದೆ.

ಇದರ ಮೇಲೆ ನನ್ನ ಭಾನುವಾರದ ಕಾಳಜಿ ಬೇರೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಹುಟ್ಟುತ್ತದೆ. ಬಹುಪಾಲು ಸೈಲೆನ್ಸರಿನಿಂದ ಆವಿಯಾಗಿ ಹೋಗುತ್ತದೆ. ಆದರೆ ಎಂಜಿನ್ ತಣ್ಣಗಿರುವಾಗ ಸ್ವಲ್ಪ ನೀರಾವಿ, ಪೂರ್ತಿ ಉರಿಯದ ಸ್ವಲ್ಪ ಪೆಟ್ರೋಲ್ ಪಿಸ್ಟನ್ ರಿಂಗುಗಳ ಸಂದಿನಿಂದ ಕೆಳಗಿಳಿದು ಎಣ್ಣೆಗೆ ಸೇರುತ್ತವೆ. ಎಣ್ಣೆ ಚೆನ್ನಾಗಿ ಕಾದರೆ ಅವು ಮತ್ತೆ ಆವಿಯಾಗಿ ಹೊರಗೆ ಹೋಗುತ್ತವೆ. ನಿಂತಲ್ಲೇ ಹತ್ತು ನಿಮಿಷ ಓಡಿದ ಎಂಜಿನ್ನಿನಲ್ಲಿ ಎಣ್ಣೆ ಅಷ್ಟು ಕಾಯುವುದಿಲ್ಲ. ಮೂರು ಕಿಲೋಮೀಟರ್ ಶಾಲೆಯ ದಾರಿಯಲ್ಲೂ ಕಾಯುವುದು ಕಷ್ಟ. ಮುಚ್ಚಳದೊಳಗೆ ಕಂಡ ಆ ಬಿಳಿ ನೊರೆ ಎಣ್ಣೆಯೂ ನೀರೂ ಕಡೆದು ಆದದ್ದು. ಪೆಟ್ರೋಲ್ ಸೇರಿ ಎಣ್ಣೆ ತೆಳ್ಳಗಾಗುತ್ತದೆ, ಆಮ್ಲ ಹುಟ್ಟುತ್ತದೆ. ಆಮ್ಲವನ್ನು ಕೊಲ್ಲಲು, ಕೊಳೆಯನ್ನು ತೇಲಿಸಿ ಹಿಡಿಯಲು ಎಣ್ಣೆಯಲ್ಲಿ ಬೆರೆಸಿರುವ ರಾಸಾಯನಿಕಗಳು ದುಡಿದು ದುಡಿದು ಮುಗಿದುಹೋಗುತ್ತವೆ. ಆಮೇಲೆ ಕೊಳೆ ತಳಕ್ಕಿಳಿದು ಮುದ್ದೆಗಟ್ಟುತ್ತದೆ. ದುಬಾರಿ ಸಿಂಥೆಟಿಕ್ ಆಯಿಲ್ ಬಿಸಿಗೆ ಹೆಚ್ಚು ತಾಳುತ್ತದೆ, ನಿಜ. ಆದರೆ ಅದರಲ್ಲೂ ನೀರು, ಪೆಟ್ರೋಲ್ ಹಾಗೇ ಸೇರುತ್ತವೆ.

ಕೆಂಪು ದೀಪದ ವಿಷಯವನ್ನೂ ಹೇಳಲೇಬೇಕು. ಅದು ಎಣ್ಣೆ ಎಷ್ಟಿದೆ ಎಂದು ಹೇಳುವ ದೀಪವಲ್ಲ. ಎಣ್ಣೆಯ ಒತ್ತಡ ಬಿದ್ದುಹೋಗಿದೆ, ಬೇರಿಂಗುಗಳಿಗೆ ಎಣ್ಣೆ ತಲುಪುತ್ತಿಲ್ಲ ಎಂದು ಹೇಳುವ ದೀಪ. ಅಮ್ಮ ನಿಲ್ಲಿಸು ಅಂದಾಗಲೇ ನಿಲ್ಲಿಸಿದ್ದರೆ ಎಂಜಿನ್ ಬಹುಶಃ ಉಳಿಯುತ್ತಿತ್ತು ಎಂದರು ಮೆಕ್ಯಾನಿಕ್. ಅದನ್ನು ಕೇಳಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಜೆ.ಸಿ. ರಸ್ತೆಯಿಂದ ಬಿಡಿಭಾಗ ತರಿಸಿ, ಕ್ರ್ಯಾಂಕನ್ನು ಲೇತಿಗೆ ಕಳಿಸಿ, ಒಟ್ಟು 62,000 ರೂಪಾಯಿ, ಮೂರು ವಾರ. ಆ ಆಯಿಲು ಮತ್ತು ಫಿಲ್ಟರು ಬದಲಾಯಿಸಲು ಆಗ ಎರಡೂವರೆ ಸಾವಿರ ಸಾಕಿತ್ತು. ಕಾರು ಕೈಗೆ ಬರುವವರೆಗಿನ ಆ ಮೂರು ವಾರದಲ್ಲಿ ಕೈಪಿಡಿಯನ್ನು ಮೊದಲ ಬಾರಿಗೆ ಪೂರ್ತಿ ಓದಿದೆ. 10,000 ಕಿ.ಮೀ. ಅಥವಾ 12 ತಿಂಗಳು, ಯಾವುದು ಮೊದಲೋ ಅದು ಎಂದಿತ್ತು. ಕೆಲವು ಪುಟ ದಾಟಿದರೆ ಕಠಿಣ ಬಳಕೆಗೆ ಬೇರೆಯದೇ ಪಟ್ಟಿ, ಅವಧಿ ಅರ್ಧ. ಪದೇಪದೇ ಸಣ್ಣ ದೂರ, ನಿಂತು ನಿಂತು ಸಾಗುವ ದಟ್ಟಣೆ, ಧೂಳಿನ ರಸ್ತೆ ಇವೆಲ್ಲ ಕಠಿಣ ಬಳಕೆಯಂತೆ. ಮರಳುಗಾಡಿನಲ್ಲಿ ರೇಸ್ ಓಡಿಸುವವರಿಗೆ ಬರೆದದ್ದು ಇರಬೇಕು ಎಂದು ಅಷ್ಟು ವರ್ಷ ಬಿಟ್ಟ ಪುಟ ಅದು. ಅಲ್ಲಿ ಬರೆದಿದ್ದುದು ಜಯನಗರದಿಂದ ಬಿ.ಟಿ.ಎಂ.ಗೆ ಹೋಗುವ ನನ್ನ ದಾರಿಯನ್ನೇ.

ಭಯಕ್ಕೆ ಬಿದ್ದು ಮುಂದಿನ ವರ್ಷ ಮೂರು ಮೂರು ತಿಂಗಳಿಗೆ ಆಯಿಲ್ ಬದಲಾಯಿಸಿದೆ. ಅದೂ ತಪ್ಪೇ. ಬಳಸಿದ ಆಯಿಲ್ ವಿಷದ ತ್ಯಾಜ್ಯ. ಚರಂಡಿಗೆ ಸುರಿದರೆ ರಾಜಕಾಲುವೆ ಹಿಡಿದು ಕೆರೆಗೆ ಹೋಗುತ್ತದೆ. ಮಡಿವಾಳ, ಸಾರಕ್ಕಿ, ಪುಟ್ಟೇನಹಳ್ಳಿ ಕೆರೆಗಳನ್ನು ಉಳಿಸಿಕೊಳ್ಳಲು ಈ ಭಾಗದ ಜನ ಪಟ್ಟ ಪಾಡು ಸಣ್ಣದಲ್ಲ. ಹಳೇ ಆಯಿಲನ್ನು ಡ್ರಮ್ಮಿನಲ್ಲಿ ಹಿಡಿದಿಟ್ಟು ಮರುಸಂಸ್ಕರಣೆಗೆ ಕೊಡುವ ಗ್ಯಾರೇಜಿಗೇ ಗಾಡಿ ಬಿಡಿ ಎಂದು ಇಲ್ಲೇ ಕೇಳಿಕೊಳ್ಳುತ್ತೇನೆ. ಎಣ್ಣೆಯ ಬಣ್ಣ ಕಪ್ಪಾಯಿತು ಎಂಬ ಒಂದೇ ಕಾರಣಕ್ಕೂ ಬದಲಾಯಿಸಬೇಕಿಲ್ಲ. ಕೊಳೆಯನ್ನು ತನ್ನೊಳಗೆ ಹಿಡಿದುಕೊಂಡ ಎಣ್ಣೆ ಕಪ್ಪಾಗಲೇಬೇಕು.

ಈಗ ನಮ್ಮ ಮನೆಯಲ್ಲಿ ವರ್ಷಕ್ಕೆ ಎರಡು ಸಲ. ಯುಗಾದಿಗೆ ಒಂದು, ಆಯುಧಪೂಜೆಗೆ ಒಂದು. ನಡುವೆ 5,000 ಕಿ.ಮೀ. ದಾಟಿದರೆ ಆಗಲೇ. ಹೆಚ್ಚುಕಡಿಮೆ ಆರು ತಿಂಗಳ ಅಂತರ ಬರುತ್ತದೆ, ಮರೆಯುವ ಪ್ರಶ್ನೆಯೂ ಇಲ್ಲ. ಮೊದಲೆಲ್ಲ ಆಯುಧಪೂಜೆಯ ದಿನ ಕಾರು ತೊಳೆದು, ಬಾನೆಟ್ಟಿಗೆ ಕುಂಕುಮ ಹಚ್ಚಿ, ಬೂದುಗುಂಬಳಕಾಯಿ ಒಡೆದು, ಚಕ್ರದಡಿ ನಿಂಬೆಹಣ್ಣಿಟ್ಟು ಪೂಜೆ ಮುಗಿಸುತ್ತಿದ್ದೆವು. ಈಗ ಅದಕ್ಕೂ ಮುಂಚೆ ಬಾನೆಟ್ ಎತ್ತಿ ಡಿಪ್‌ಸ್ಟಿಕ್ ನೋಡುವುದೂ ಪೂಜೆಯೊಳಗೆ ಸೇರಿದೆ. ತಿಂಗಳಿಗೊಮ್ಮೆ ಮಗ ನೋಡುತ್ತಾನೆ. ಅಮ್ಮ ಪಕ್ಕದಲ್ಲಿ ನಿಂತು ‘ಎಷ್ಟಿದೆಯೋ?’ ಎಂದು ಕೇಳುತ್ತಾಳೆ. ನಿಂತ ಕಾರನ್ನು ಸುಮ್ಮನೆ ಸ್ಟಾರ್ಟ್ ಮಾಡಿ ಆಫ್ ಮಾಡುವುದನ್ನು ಬಿಟ್ಟಿದ್ದೇನೆ. ಹದಿನೈದು ದಿನಕ್ಕೊಮ್ಮೆ ಕನಕಪುರ ರಸ್ತೆಯಲ್ಲಿ ಅರ್ಧ ಗಂಟೆ ಓಡಿಸಿಕೊಂಡು ಬರುತ್ತೇನೆ, ಆಯಿಲ್ ಕಾಯಲಿ ಎಂದು.

ನಿಮ್ಮ ಕಾರಿನ ಬಾಗಿಲಿನ ಪಕ್ಕದಲ್ಲೂ ಅಂಥದೊಂದು ಸ್ಟಿಕರ್ ಇದ್ದೀತು. ಇವತ್ತು ಕೆಳಗಿಳಿದಾಗ ಅದರ ಎರಡನೇ ಸಾಲು ಓದಿ. ತಾರೀಖು ದಾಟಿದ್ದರೆ, ಮನೆಯ ಹಿರಿಯರನ್ನು ಕೂರಿಸಿಕೊಂಡು ಊರಿಗೆ ಹೊರಡುವ ಮೊದಲು ಆಯಿಲ್ ಬದಲಾಯಿಸಿ. ದಾರಿಯಲ್ಲಿ ಆ ಕೆಂಪು ದೀಪ ಹತ್ತಿದರೆ ಅಲ್ಲೇ ಪಕ್ಕಕ್ಕೆ ಹಾಕಿ ಎಂಜಿನ್ ಆಫ್ ಮಾಡಿ.